ಟೋಪಿ: ತಲೆಯ ಮೇಲಿನದೋ, ಹುಲ್ಲುಗಾವಲಿನದೋ?

ಪ್ರಶ್ನೆ: ಇಂಗ್ಲಿಷ್ ಪದಬಂಧವೊಂದರಲ್ಲಿ ‘ಆಫ್ರಿಕಾದ ಹುಲ್ಲೆ, ತಲೆಗೂ ಹಾಕಬಹುದು’ ಎಂಬ ಸುಳಿವಿಗೆ ‘ಟೋಪಿ’ ಎಂಬ ಉತ್ತರ ಕೊಟ್ಟಿದ್ದರು. ನಮ್ಮ ಟೋಪಿಗೂ ಆ ಪ್ರಾಣಿಗೂ ಏನು ಸಂಬಂಧ? ಅದರ ಕೊಂಬು ಟೋಪಿಯಂತೆ ಕಾಣುವುದೇ?
— ಓದುಗರೊಬ್ಬರು, ಸಾಗರ

ಉತ್ತರ: ಸಂಬಂಧವೇನೂ ಇಲ್ಲ. ಹತ್ತು ಎಂಬ ಸಂಖ್ಯೆಗೂ ಮರ ಹತ್ತುವುದಕ್ಕೂ ನಂಟಿಲ್ಲದಂತೆಯೇ, ಇವೂ ಬೇರೆ ಬೇರೆ ದಾರಿಯಲ್ಲಿ ಬಂದು ಇಂಗ್ಲಿಷ್ ನಿಘಂಟಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಪದಗಳು. ತಲೆಯ ಟೋಪಿ ಹಿಂದೂಸ್ತಾನಿಯಿಂದ ಇಂಗ್ಲಿಷಿಗೆ ಹೋಯಿತು. ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆಂದು ಧರಿಸುತ್ತಿದ್ದ ‘ಸೋಲಾ ಟೋಪಿ’ಯನ್ನು ಜೌಗಿನಲ್ಲಿ ಬೆಳೆಯುವ ಶೋಲಾ ಗಿಡದ ಬೆಂಡಿನಿಂದ ಮಾಡುತ್ತಿದ್ದರು, ಆ ‘ಸೋಲಾ’ವನ್ನು ಸೂರ್ಯನಿಗೆ ಸಂಬಂಧಿಸಿದ ‘ಸೋಲಾರ್’ ಎಂದು ತಪ್ಪಾಗಿ ತಿಳಿದವರು ಇಂಗ್ಲಿಷರಲ್ಲಿಯೂ ಇದ್ದರು.

ಪ್ರಾಣಿಯ ಹೆಸರು ಪೂರ್ವ ಆಫ್ರಿಕಾದ್ದು. ಕೀನ್ಯಾದ ಮಾಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲುಗಳಲ್ಲಿ ಇದನ್ನು ಕಾಣಬಹುದು. ಮೈ ಕೆಂಗಂದು, ತೊಡೆಯ ಮೇಲೆ ನೇರಳೆ ಛಾಯೆಯ ಕಪ್ಪು ಪಟ್ಟೆ, ಮೊಣಕಾಲಿನ ಕೆಳಗೆ ಹಳದಿ. ನೀಲಿ ಚಡ್ಡಿ ತೊಟ್ಟು ಹಳದಿ ಕಾಲುಚೀಲ ಏರಿಸಿದಂತೆ ಕಾಣುತ್ತದೆ. ಗಂಡು ಹೆಣ್ಣುಗಳೆರಡಕ್ಕೂ ಬಳೆ ಬಳೆಯಾಗಿ ಗೆರೆಗಳಿರುವ ಕೊಂಬುಗಳಿವೆಯೇ ಹೊರತು ಅವುಗಳಲ್ಲಿ ಟೋಪಿಯ ಆಕಾರವೇನೂ ಇಲ್ಲ. ಗೆದ್ದಲಿನ ಹುತ್ತದ ಮೇಲೆ ಹತ್ತಿ ನಿಂತು ಸುತ್ತಲೂ ಕಣ್ಣಾಡಿಸುವುದು ಇದರ ರೂಢಿ.

ಆದರೂ ಸಂಬಂಧ ಬೇಕೇ ಬೇಕೆನ್ನುವವರಿಗೆ ಕನ್ನಡದಲ್ಲಿ ಒಂದು ದಾರಿಯಿದೆ. ನಮ್ಮಲ್ಲಿ ‘ಟೋಪಿ ಹಾಕುವುದು’ ಎಂದರೆ ಮೋಸ ಮಾಡುವುದಷ್ಟೇ. ಮಾಸಾಯಿ ಮಾರಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬೆದೆಗೆ ಬಂದ ಹೆಣ್ಣು ಗಂಡಿನ ಎಲ್ಲೆಯನ್ನು ದಾಟಿ ಹೊರಟಿತೆಂದು ಕಂಡರೆ ಆ ಗಂಡು ಟೋಪಿ ಅದು ಹೋಗುತ್ತಿರುವ ದಿಕ್ಕಿಗೇ ಕಿವಿ ನಿಮಿರಿಸಿ ದಿಟ್ಟಿಸುತ್ತದೆ, ಸಿಂಹವನ್ನೋ ಚಿರತೆಯನ್ನೋ ಕಂಡಾಗ ಮಾಡುವಂತೆಯೇ ಮೂಗಿನಿಂದ ಗೊರಗುಟ್ಟುತ್ತದೆ. ಅಲ್ಲಿ ಸಿಂಹವೂ ಇರುವುದಿಲ್ಲ, ಚಿರತೆಯೂ ಇರುವುದಿಲ್ಲ. ನಿಜವಾದ ಎಚ್ಚರಿಕೆಗೂ ಈ ಸುಳ್ಳು ಎಚ್ಚರಿಕೆಗೂ ದನಿಯಲ್ಲಿ ವ್ಯತ್ಯಾಸ ತಿಳಿಯದ ಹೆಣ್ಣು ಹಿಂತಿರುಗಿ ಅದರ ಎಲ್ಲೆಯೊಳಗೇ ಉಳಿಯುತ್ತದೆ, ಗಂಡಿಗೆ ಕೂಡಲು ಇನ್ನೊಂದು ಅವಕಾಶ ಸಿಗುತ್ತದೆ.