ಹಾಡುಗಾರ್ತಿಯನ್ನು ಬಿಡಿ, ಸುದ್ದಿಯವರನ್ನು ಹಿಡಿಯಿರಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು. 2024ರ ಅಮೆರಿಕ ಅಧ್ಯಕ್ಷರ ಚುನಾವಣೆ ಹೊತ್ತಿಗೆ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದೆ. ಟೇಲರ್ ಸ್ವಿಫ್ಟ್ ಎಂಬ ಹಾಡುಗಾರ್ತಿ ತನ್ನ ಓಟು ಯಾರಿಗೆ ಎಂದು ಹೇಳಿದ್ದೇ ಅಲ್ಲಿ ದೊಡ್ಡ ಸುದ್ದಿ. ಟ್ರಂಪ್ ಮೆಕ್‌ಡೊನಾಲ್ಡ್ಸ್‌ನಲ್ಲಿ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಕರಿದದ್ದು ಅದಕ್ಕಿಂತ ದೊಡ್ಡ ಸುದ್ದಿ. ಕಮಲಾ ಹ್ಯಾರಿಸ್ ಶನಿವಾರ ರಾತ್ರಿಯ ಹಾಸ್ಯ ಕಾರ್ಯಕ್ರಮಕ್ಕೆ ತಾವೇ ಹೋಗಿ ಕೂತರು. ಸಿನಿಮಾ, ಹಾಡು, ಹಾಸ್ಯದವರು ಸೇರಿ ಪ್ರಜಾಪ್ರಭುತ್ವವನ್ನು ಹಾಳು ಮಾಡಿದ್ದಾರೆ. ಚುನಾವಣೆ ಮುಗಿಯುವವರೆಗೆ ಇವರನ್ನೆಲ್ಲ ದೂರ ಇಡುವ ಕಾನೂನು ಯಾಕಿಲ್ಲ?
– ಹಳೆಯ ಓದುಗ, ಸಾಗರ

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಾರಭವಿಷ್ಯದ ಬಗ್ಗೆ. ನಿಮ್ಮದೊಂದೇ ನ್ಯೂಜೆರ್ಸಿಯ ಬಗ್ಗೆ. ಹಾಗಾಗಿ ಇಡೀ ಜಾಗ ನಿಮಗೇ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದು ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2004ರ ಜನವರಿಯಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ‘ದಿ ಅಪ್ರೆಂಟಿಸ್’ ಎಂಬ ರಿಯಾಲಿಟಿ ಶೋ ಶುರುವಾಯಿತು. ಚರ್ಮದ ಕುರ್ಚಿಯಲ್ಲಿ ಕೂತ ಟ್ರಂಪ್, ಎದುರಿಗಿದ್ದವರನ್ನು ‘ನಿನ್ನ ಕೆಲಸ ಹೋಯ್ತು’ ಅಂತ ಮನೆಗೆ ಕಳಿಸುತ್ತಿದ್ದರು. ವ್ಯಾಪಾರ ಅಂದ್ರೆ ಇವರೇ ಅಂತ ಜನ ನಂಬಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರ ಕ್ಯಾಸಿನೊ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಶೋ ಮಾತ್ರ ನಡೆಯುತ್ತಲೇ ಇತ್ತು. ಹೀಗೆ ಮನೆಮನೆಗೆ ಹೋದ ಮುಖ 2016ರಲ್ಲಿ ಓಟು ಕೇಳಿತು. ಇದರಲ್ಲಿ ಮನರಂಜನೆಯ ಪಾಲು ಇದೆ, ಇಲ್ಲ ಅನ್ನೋದಿಲ್ಲ.

ಆಯಿತಲ್ವಾ? ಈಗ ನಿಮ್ಮ ಜೊತೆ ಜಗಳ ಶುರು.

ನೀವು ಅಷ್ಟು ಬೈದ ಹಾಡುಗಾರ್ತಿಯನ್ನೇ ತಗೊಳ್ಳಿ. 2024ರ ಸೆಪ್ಟೆಂಬರ್ 10ರಂದು ಟ್ರಂಪ್–ಹ್ಯಾರಿಸ್ ಚರ್ಚೆ ಮುಗಿದ ಮೇಲೆ ಆಕೆ ಇನ್‌ಸ್ಟಾಗ್ರಾಮ್‌ನಲ್ಲಿ ನಾಲ್ಕು ಪ್ಯಾರಾ ಬರೆದರು. ಓಟು ಹ್ಯಾರಿಸ್‌ಗೆ ಅಂದರು, ನೀವೇ ಓದಿ ತಿಳಿದು ತೀರ್ಮಾನ ಮಾಡಿ ಅಂತಲೂ ಅಂದರು. ಮತದಾರರ ನೋಂದಣಿಯ ಸರ್ಕಾರಿ ವೆಬ್‌ಸೈಟಿಗೆ ದಾರಿ ತೋರಿಸಿದರು. ಒಂದು ದಿನದಲ್ಲಿ ಆ ದಾರಿ ಹಿಡಿದು ಹೋದವರು ಸುಮಾರು 4 ಲಕ್ಷ ಜನ. ಆಮೇಲೆ ಏನಾಯಿತು? ಪೈಪೋಟಿಯ ಏಳು ರಾಜ್ಯಗಳಲ್ಲಿ ಏಳನ್ನೂ ಹ್ಯಾರಿಸ್ ಸೋತರು. ಹಾಡು ಕೇಳೋದಕ್ಕೆ ಕ್ರೀಡಾಂಗಣ ತುಂಬುವ ಜನ, ಹಾಡಿದವರು ಹೇಳಿದ ಕಡೆ ಓಟು ಹಾಕ್ತಾರೆ ಅಂತ ಲೆಕ್ಕ ಹಾಕೋದು ಜನರನ್ನು ಸ್ವಲ್ಪ ಜಾಸ್ತಿಯೇ ದಡ್ಡರು ಅಂದುಕೊಂಡ ಹಾಗೆ. ನೀವು ಮೇಷ್ಟ್ರು, ನಿಮಗೆ ಈ ಅಭ್ಯಾಸ ಇದ್ದರೂ ಇರಬಹುದು!

ಇನ್ನು ನೀವು ಕೇಳಿದ ಕಾನೂನು. ಅದಲ್ಲದಿದ್ದರೂ ಅದಕ್ಕೆ ಹತ್ತಿರದ್ದೊಂದು ಅಲ್ಲಿ ಆಗಲೇ ಇದೆ. 1934ರ ಸಂಪರ್ಕ ಕಾಯ್ದೆಯಲ್ಲಿ ‘ಸಮಾನ ಸಮಯ’ ಅಂತ ಒಂದು ನಿಯಮ. ರೇಡಿಯೊ, ಟಿವಿ ಸ್ಟೇಷನ್ನಿನವರು ಒಬ್ಬ ಅಭ್ಯರ್ಥಿಗೆ ಜಾಗ ಕೊಟ್ಟರೆ, ಎದುರಾಳಿ ಕೇಳಿದಾಗ ಅವರಿಗೂ ಕೊಡಬೇಕು. ಸಿನಿಮಾ ನಟರಾಗಿದ್ದ ರೊನಾಲ್ಡ್ ರೇಗನ್ ಅಭ್ಯರ್ಥಿಯಾದಾಗ ಅವರ ಹಳೆಯ ಸಿನಿಮಾಗಳನ್ನು ಹಾಕಲು ಸ್ಟೇಷನ್ನಿನವರು ಹೆದರಿದ್ದು ಇದಕ್ಕೇ. ಎಂದೋ ಮಾಡಿದ ಕೌಬಾಯ್ ಪಾತ್ರಕ್ಕೂ ಲೆಕ್ಕ ಕೊಡಬೇಕಿತ್ತು. ನೀವು ಹೇಳಿದ ಹ್ಯಾರಿಸ್ ಅವರ ಹಾಸ್ಯ ಕಾರ್ಯಕ್ರಮ ನವೆಂಬರ್ 2ರ ರಾತ್ರಿ ಬಂತು. ಅದರ ಮರುದಿನ ಅದೇ ಎನ್‌ಬಿಸಿ, ಕಾರ್ ರೇಸ್ ಮತ್ತು ಫುಟ್‌ಬಾಲ್ ಪ್ರಸಾರದ ಹೊತ್ತಿನಲ್ಲಿ ಟ್ರಂಪ್‌ಗೂ ಸಮಯ ಕೊಡಬೇಕಾಯಿತು.

ಈಗ ಕೇಳಿ. 1959ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಾಡಿ ಕೆಲವರಿಗೆ ವಿನಾಯಿತಿ ಕೊಟ್ಟರು. ಯಾರಿಗೆ? ವಾರ್ತೆ, ಸುದ್ದಿ ಸಂದರ್ಶನ, ಸುದ್ದಿಯ ನೇರ ಪ್ರಸಾರ, ಇವಕ್ಕೆ. ನಗಿಸುವವನು ಲೆಕ್ಕ ಕೊಡಬೇಕು, ಸುದ್ದಿ ಹೇಳುವವನು ಕೊಡಬೇಕಿಲ್ಲ. ಸುದ್ದಿಯವರು ತೂಕ ತಪ್ಪೋದಿಲ್ಲ ಅನ್ನೋ ನಂಬಿಕೆಯಿಂದ ಮಾಡಿದ ನಿಯಮ ಅದು. ಆ ನಂಬಿಕೆಯನ್ನು ಸುದ್ದಿಯವರು ಹೇಗೆ ಉಳಿಸಿಕೊಂಡರು ಅಂತ ನೋಡೋಣ.

2016ರ ಮಾರ್ಚ್ 15. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸುವ ಪ್ರಾಥಮಿಕ ಚುನಾವಣೆ ಐದು ರಾಜ್ಯಗಳಲ್ಲಿ ನಡೆದ ರಾತ್ರಿ. ಡೆಮಾಕ್ರಟಿಕ್ ಪಕ್ಷದ ಬರ್ನಿ ಸ್ಯಾಂಡರ್ಸ್ ಅರಿಜೋನಾದ ಫೀನಿಕ್ಸ್‌ನಲ್ಲಿ ತುಂಬಿದ ಸಭೆಗೆ ಭಾಷಣ ಮಾಡುತ್ತಿದ್ದರು. ಅಮೆರಿಕದ ದೊಡ್ಡ ಸುದ್ದಿ ಚಾನೆಲ್‌ಗಳು ಆಗ ತೋರಿಸುತ್ತಿದ್ದದ್ದು ಫ್ಲಾರಿಡಾದ ಒಂದು ಖಾಲಿ ವೇದಿಕೆ. ಟ್ರಂಪ್ ಇನ್ನೇನು ಬರ್ತಾರೆ ಅಂತ! ಮಾತಾಡುತ್ತಿದ್ದ ಅಭ್ಯರ್ಥಿಗಿಂತ ಇನ್ನೂ ಬಾರದ ಅಭ್ಯರ್ಥಿಯ ಮೈಕ್ ಮುಖ್ಯವಾಯಿತು. ಆ ಹೊತ್ತಿಗೆ ಟ್ರಂಪ್‌ಗೆ ದುಡ್ಡಿಲ್ಲದೆ ಸಿಕ್ಕ ಪ್ರಚಾರದ ಬೆಲೆ ಸುಮಾರು 200 ಕೋಟಿ ಡಾಲರ್ ಅಂತ ಮೀಡಿಯಾಕ್ವಾಂಟ್ ಸಂಸ್ಥೆ ಅಂದಾಜು ಮಾಡಿತ್ತು. ಟ್ರಂಪ್ ಬೆಳಗಿನ ಕಾರ್ಯಕ್ರಮಗಳಿಗೆ ಮನೆಯಿಂದಲೇ ಫೋನ್ ಮಾಡಿ ಮಾತಾಡುತ್ತಿದ್ದರು. ಬೇರೆ ಅಭ್ಯರ್ಥಿಗಳು ಬೆಳಗಾಗೆದ್ದು ಸ್ಟುಡಿಯೊದಲ್ಲಿ ಮುಖ ತೋರಿಸುವಾಗ ಇವರಿಗೆ ಫೋನ್ ಸಾಕಾಗಿತ್ತು. ಸಿಬಿಎಸ್ ಎಂಬ ಟಿವಿ ಸಂಸ್ಥೆಯ ಮುಖ್ಯಸ್ಥ ಲೆಸ್ಲಿ ಮೂನ್‌ವೆಸ್ ಅದಕ್ಕೆ ಎರಡು ವಾರ ಮೊದಲಷ್ಟೇ ಹೂಡಿಕೆದಾರರ ಮುಂದೆ ಬಾಯಿಬಿಟ್ಟು ಹೇಳಿದ್ದರು: ಇದು ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಆದರೆ ಸಿಬಿಎಸ್‌ಗೆ ಭಾರೀ ಒಳ್ಳೆಯದು. ಯಾವ ಹಾಸ್ಯನಟನೂ ಇಷ್ಟು ನಿಜ ಹೇಳಿಲ್ಲ.

ನಿಮ್ಮದು ಸಾಗರ, ಆಟ ನೋಡಿ ಬೆಳೆದವರು. ಯಕ್ಷಗಾನದ ಹಾಸ್ಯಗಾರ ರಾಜನ ಮುಂದೆಯೇ ರಾಜನ ಕಾಲೆಳೆಯುತ್ತಾನೆ. ಅದರಿಂದ ರಾಜ್ಯ ಮುಳುಗಿತು ಅಂತ ಯಾವ ಪ್ರಸಂಗದಲ್ಲೂ ಇಲ್ಲ. ಅಲ್ಲೂ ಅಷ್ಟೇ. 2000ನೇ ಇಸವಿಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಅಲ್ ಗೋರ್ ಮೊದಲ ಚರ್ಚೆಯಲ್ಲಿ ಎದುರಾಳಿ ಮಾತಾಡುವಾಗಲೆಲ್ಲ ನಿಟ್ಟುಸಿರು ಬಿಟ್ಟರು. ಹ್ಯಾರಿಸ್ ಹೋಗಿ ಕೂತ ಅದೇ ಹಾಸ್ಯ ಕಾರ್ಯಕ್ರಮ, ‘ಸ್ಯಾಟರ್ಡೇ ನೈಟ್ ಲೈವ್’ನವರು ಅದನ್ನು ಅಣಕಿಸಿದರು. ಗೋರ್ ಅವರ ಸಲಹೆಗಾರರು ಆ ಅಣಕವನ್ನು ಅವರಿಗೇ ಕೂರಿಸಿ ತೋರಿಸಿದರು, ‘ನೋಡಿ, ಜನರಿಗೆ ನೀವು ಕಾಣೋದು ಹೀಗೆ’ ಅಂತ. 2008ರಲ್ಲಿ ಅದೇ ಕಾರ್ಯಕ್ರಮದಲ್ಲಿ ಟೀನಾ ಫೇ ಎಂಬ ನಟಿ, ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ವೇಷ ಹಾಕಿದರು. ‘ನಮ್ಮ ಮನೆಯಿಂದ ರಷ್ಯಾ ಕಾಣುತ್ತೆ’ ಅನ್ನೋ ಮಾತು ಪೇಲಿನ್ ಅವರದೇ ಅಂತ ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ. ಅವರು ಹೇಳಿದ್ದು, ಅಲಾಸ್ಕಾದ ನೆಲದಿಂದ ರಷ್ಯಾ ಕಾಣುತ್ತದೆ ಅಂತ. ಅದು ಸುಳ್ಳೂ ಅಲ್ಲ. ಇಲ್ಲಿ ಪೇಲಿನ್‌ಗೆ ಅನ್ಯಾಯವಾಯಿತು, ಸರಿ. ಆದರೆ ಕೆಲವು ವಾರದಲ್ಲೇ ಫೇ ಅವರ ಇನ್ನೊಂದು ಅಣಕ ಬಂತು. ಟಿವಿ ಪತ್ರಕರ್ತೆ ಕೇಟಿ ಕೂರಿಕ್ ಅವರಿಗೆ ಪೇಲಿನ್ ಕೊಟ್ಟ ಸಂದರ್ಶನದ ಉತ್ತರವೊಂದನ್ನು ಹೆಚ್ಚುಕಡಿಮೆ ಹಾಗೆಯೇ ಒಪ್ಪಿಸಿದರು. ಜನ ಬಿದ್ದು ಬಿದ್ದು ನಕ್ಕರು. ನಗಿಸೋದಕ್ಕೆ ಬರೆಯುವ ಅಗತ್ಯವೇ ಇರಲಿಲ್ಲ.

ನಿಮಗಿಂತ ಮೊದಲು ಈ ದೂರು ಹೇಳಿದವರೆಲ್ಲ 1960ರ ಕಥೆ ಎತ್ತುತ್ತಾರೆ, ನೀವು ಎತ್ತಲಿಲ್ಲ, ಸಂತೋಷ. ಆದರೂ ನಾನೇ ಎತ್ತುತ್ತೇನೆ. ಸೆಪ್ಟೆಂಬರ್ 26, ಷಿಕಾಗೊ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟಿವಿ ಚರ್ಚೆ, ನೋಡಿದವರು ಸುಮಾರು 7 ಕೋಟಿ. ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆ ಸೇರಿ ಆಗಷ್ಟೇ ಎದ್ದಿದ್ದರು. ಮೇಕಪ್ ಬೇಡ ಅಂದರು. ಬೆವರಿದರು, ಸೊರಗಿ ಕಂಡರು. ರೇಡಿಯೊ ಕೇಳಿದವರಿಗೆ ನಿಕ್ಸನ್ ಗೆದ್ದ ಹಾಗಿತ್ತು, ಟಿವಿ ನೋಡಿದವರಿಗೆ ಕೆನಡಿ ಗೆದ್ದ ಹಾಗಿತ್ತು ಅಂತ ಪ್ರತಿ ಪುಸ್ತಕದಲ್ಲೂ ಬರೆದಿರುತ್ತಾರೆ. ಅದಕ್ಕೆ ಮುಖ್ಯ ಆಧಾರ ಒಂದು ಕಂಪನಿಯ ಸಮೀಕ್ಷೆ. ಅದರಲ್ಲಿ ರೇಡಿಯೊ ಕೇಳಿದವರ ಸಂಖ್ಯೆ ತೀರಾ ಕಡಿಮೆ, ಅವರು ಮೊದಲೇ ಯಾರ ಕಡೆಗಿದ್ದರು ಅನ್ನೋದನ್ನೂ ನೋಡಲಿಲ್ಲ. ಸಂಶೋಧಕರು ಇದನ್ನು ಎತ್ತಿ ತೋರಿಸಿ ದಶಕಗಳಾದವು. ಕಥೆ ಮಾತ್ರ ಸಾಯೋದಿಲ್ಲ, ಯಾಕಂದ್ರೆ ಬೆವರು ಹೇಳೋದಕ್ಕೆ ಚೆನ್ನಾಗಿದೆ. ಆ ಚುನಾವಣೆಯಲ್ಲಿ ಚಲಾವಣೆಯಾದ ಸುಮಾರು 6.8 ಕೋಟಿ ಓಟುಗಳಲ್ಲಿ ಅಂತರ ಒಂದು ಲಕ್ಷದ ಚಿಲ್ಲರೆ. ಅಷ್ಟು ಸಣ್ಣ ಅಂತರಕ್ಕೆ ಯಾವ ಕಾರಣ ಹೇಳಿದರೂ ನಡೆಯುತ್ತದೆ.

ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ಲೆಕ್ಕಕ್ಕೆ. 1968ರಲ್ಲಿ ಅಮೆರಿಕದ ಸಂಜೆ ವಾರ್ತೆಯಲ್ಲಿ ಅಭ್ಯರ್ಥಿಯೊಬ್ಬ ತಡೆಯಿಲ್ಲದೆ ಮಾತಾಡಲು ಸಿಗುತ್ತಿದ್ದ ಸಮಯ ಸರಾಸರಿ 42 ಸೆಕೆಂಡ್. 1988ಕ್ಕೆ ಅದು 10 ಸೆಕೆಂಡ್‌ಗಿಂತ ಕಡಿಮೆ. ಇದನ್ನು ಅಳೆದವರು ಹಾರ್ವರ್ಡ್‌ನ ಕಿಕು ಅಡಾಟೊ. ಉಳಿದ ಸಮಯವೆಲ್ಲ ವರದಿಗಾರನ ಮಾತು. ಹತ್ತು ಸೆಕೆಂಡ್‌ನಲ್ಲಿ ತೆರಿಗೆ ನೀತಿ ವಿವರಿಸೋದಕ್ಕೆ ಆಗುತ್ತಾ? ಬಯ್ಯಬಹುದು, ಘೋಷಣೆ ಕೂಗಬಹುದು. ಹಾಗಾಗಿ ಅಭ್ಯರ್ಥಿಗಳು ಅದನ್ನೇ ಕಲಿತರು.

2004ರ ಹೋವರ್ಡ್ ಡೀನ್ ಕಥೆಯಂತೂ ಇನ್ನೂ ಕೆಟ್ಟದು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ಅವರು ಜನವರಿ 19ರ ರಾತ್ರಿ ಅಯೋವಾ ರಾಜ್ಯದಲ್ಲಿ ಮೂರನೇ ಸ್ಥಾನಕ್ಕೆ ಕುಸಿದಿದ್ದರು. ಬೇಸರಗೊಂಡ ಕಾರ್ಯಕರ್ತರನ್ನು ಹುರಿದುಂಬಿಸಲು ರಾಜ್ಯಗಳ ಹೆಸರು ಒಂದೊಂದಾಗಿ ಕೂಗಿ, ಕೊನೆಗೆ ಗಂಟಲು ಹರಿಯುವಂತೆ ಒಂದು ಕೇಕೆ ಹಾಕಿದರು. ಸಭೆಯಲ್ಲಿ ಜನರ ಗದ್ದಲ ಎಷ್ಟಿತ್ತೆಂದರೆ ಅಲ್ಲಿದ್ದವರಿಗೆ ಆ ಕೇಕೆ ಸರಿಯಾಗಿ ಕೇಳಿಸಿರಲೂ ಇಲ್ಲ. ಆದರೆ ಕೈಯಲ್ಲಿದ್ದ ಮೈಕ್ ಅವರ ದನಿಯನ್ನಷ್ಟೇ ಹಿಡಿಯುವಂಥದ್ದು, ಸುತ್ತಲಿನ ಸದ್ದನ್ನು ಬಿಡುವಂಥದ್ದು. ಟಿವಿಯಲ್ಲಿ ಒಬ್ಬ ಮನುಷ್ಯ ತಲೆಕೆಟ್ಟು ಒಬ್ಬನೇ ಕಿರುಚಿದ ಹಾಗೆ ಕಂಡಿತು. ನಾಲ್ಕೇ ದಿನದಲ್ಲಿ ಚಾನೆಲ್‌ಗಳು ಅದನ್ನು 600ಕ್ಕೂ ಜಾಸ್ತಿ ಸಲ ಹಾಕಿದವು. ಹಾಕಿದವರು ಹಾಸ್ಯದವರಲ್ಲ ಮೇಷ್ಟ್ರೇ, ಟೈ ಕಟ್ಟಿಕೊಂಡ ಸುದ್ದಿಯವರು. ಮೈಕಿನ ಗುಟ್ಟು ಗೊತ್ತಿರಬೇಕಾದವರೂ ಅವರೇ.

ಈ ಎರಡು ಲೋಕಗಳ ನಡುವೆ ಓಡಾಡಿದ ಒಬ್ಬರ ಹೆಸರು ಹೇಳಲೇಬೇಕು, ರೋಜರ್ ಏಲ್ಸ್. 1960ರ ದಶಕದಲ್ಲಿ ಮೈಕ್ ಡಗ್ಲಸ್ ಎಂಬವರ ಹರಟೆ ಕಾರ್ಯಕ್ರಮದ ನಿರ್ಮಾಪಕ. ಹಾಡು, ಹರಟೆ, ಅತಿಥಿಗಳು, ಯಾರಿಗೂ ತೊಂದರೆಯಿಲ್ಲ. 1968ರಲ್ಲಿ ನಿಕ್ಸನ್ ಪ್ರಚಾರ ಸೇರಿ, ಸಾಮಾನ್ಯ ಜನ ಪ್ರಶ್ನೆ ಕೇಳುವ ಟಿವಿ ಕಾರ್ಯಕ್ರಮಗಳನ್ನು ಮಾಡಿದರು. ಸ್ಟುಡಿಯೊದಲ್ಲಿ ಚಪ್ಪಾಳೆ ತಟ್ಟುವವರು ನಿಕ್ಸನ್ ಕಡೆಯವರೇ, ಪತ್ರಕರ್ತರಿಗೆ ಒಳಗೆ ಪ್ರವೇಶ ಇಲ್ಲ. 1996ರಲ್ಲಿ ಅದೇ ಏಲ್ಸ್ ಫಾಕ್ಸ್ ನ್ಯೂಸ್ ಎಂಬ ಸುದ್ದಿ ಚಾನೆಲ್ ಕಟ್ಟಿ ನಿಲ್ಲಿಸಿದರು. ಹರಟೆ ಅನ್ನೋ ಬೋರ್ಡ್ ಇದ್ದಷ್ಟು ದಿನ ಆ ಕೈಚಳಕದಿಂದ ಹಾನಿ ಇರಲಿಲ್ಲ. ಸುದ್ದಿ ಅನ್ನೋ ಬೋರ್ಡ್ ಬಂದ ಮೇಲೆ ನೋಡುವವರಿಗೆ ಹುಷಾರಾಗಿರಬೇಕು ಅಂತಲೇ ಅನ್ನಿಸಲಿಲ್ಲ.

ಅದೇ 2024ರಲ್ಲಿ ಜೋ ರೋಗನ್ ಎಂಬ ಹಾಸ್ಯಗಾರರು ಟ್ರಂಪ್ ಅವರನ್ನು ತಮ್ಮ ಪಾಡ್‌ಕಾಸ್ಟ್‌ನಲ್ಲಿ ಸುಮಾರು ಮೂರು ಗಂಟೆ ಮಾತಾಡಿಸಿದರು. ಪ್ರಶ್ನೆಗಳು ಮೆತ್ತಗಿದ್ದವು, ಆಮೇಲೆ ರೋಗನ್ ಟ್ರಂಪ್‌ಗೇ ಬೆಂಬಲ ಕೊಟ್ಟರು. ಅದು ನನಗೂ ಹಿಡಿಸಲಿಲ್ಲ. ಆದರೂ ಮೂರು ಗಂಟೆ! ಒಬ್ಬ ಮನುಷ್ಯ ವಿಷಯದಿಂದ ವಿಷಯಕ್ಕೆ ಹಾರುತ್ತಾ ಹೋಗೋದನ್ನು ಕೇಳಿದವನು ತನ್ನ ತೀರ್ಮಾನ ತಾನೇ ಮಾಡಬಹುದು. ಹತ್ತು ಸೆಕೆಂಡ್ ಕೊಡುವವರು ಮೂರು ಗಂಟೆ ಕೊಟ್ಟವರನ್ನು ‘ಗಂಭೀರ ಅಲ್ಲ’ ಅನ್ನೋದು ನೋಡಿದರೆ ನಗು ಬರುತ್ತದೆ.

ನಮ್ಮ ಕಡೆ ನೋಡಿ. ಪಕ್ಕದಲ್ಲಿ ಎಂಜಿಆರ್, ಎನ್‌ಟಿಆರ್ ಮುಖ್ಯಮಂತ್ರಿಗಳಾದರು. ನಮ್ಮ ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲೇ ಇಲ್ಲ. ಹಾಗಂತ ಕರ್ನಾಟಕದ ರಾಜಕೀಯ ಅವರಿಗಿಂತ ಶುದ್ಧವಾಯಿತಾ? ರೆಸಾರ್ಟ್‌ಗಳ ಹೆಸರು ನಮಗೆ ಬಾಯಿಪಾಠ ಆದದ್ದು ಸಿನಿಮಾದವರಿಂದಲ್ಲ.

2024ರ ಅಮೆರಿಕ ಚುನಾವಣೆಯ ಸಮಯದಲ್ಲಿ ಇಲ್ಲಿನ ಒಂದು ಸುದ್ದಿ ಚಾನೆಲ್‌ನವರು ನನ್ನನ್ನೂ ಚರ್ಚೆಗೆ ಕರೆದಿದ್ದರು. ಯಾವುದು ಅಂತ ಬೇಡ. ಹಿಂದೆ ಸಿನಿಮಾ ಫೈಟಿಂಗ್ ಸೀನಿನ ಮ್ಯೂಸಿಕ್, ಸ್ಕ್ರೀನ್ ಮೇಲೆ ಟ್ರಂಪ್ ಮತ್ತು ಹ್ಯಾರಿಸ್ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡು ನಿಂತಿದ್ದರು. ಕಿಟಕಿ ಕಿಟಕಿಯಲ್ಲಿ ಒಬ್ಬೊಬ್ಬರು. ನಾನು ಎಲೆಕ್ಟೋರಲ್ ಕಾಲೇಜು ಅಂದರೆ ಏನು ಅಂತ ಶುರು ಮಾಡಿದೆ. ಆಂಕರ್ ತಡೆದು, ‘ಸರ್, ಒಂದೇ ಮಾತಲ್ಲಿ ಹೇಳಿ, ಟ್ರಂಪ್ ಗೆದ್ರೆ ಬೆಂಗಳೂರಿನ ಟೆಕ್ಕಿಗಳಿಗೆ ಲಾಭವೋ ನಷ್ಟವೋ?’ ಅಂದರು. ಎಚ್‌1ಬಿ ವೀಸಾದ ನಿಯಮವನ್ನು ಒಂದೇ ಮಾತಲ್ಲಿ ಹೇಳೋದಕ್ಕೆ ನನಗೆ ಬರಲಿಲ್ಲ. ಪಕ್ಕದ ಕಿಟಕಿಯವರು ‘ನಷ್ಟ’ ಅಂದರು. ಅವರಿಗೆ ಮತ್ತೊಮ್ಮೆ ಅವಕಾಶ ಸಿಕ್ಕಿತು. ಅವತ್ತು ಅದೇ ಚಾನೆಲ್‌ನ ಕಾಮಿಡಿ ಶೋ ನೋಡಿದ್ದರೆ ನಾನು ಜಾಸ್ತಿ ತಿಳಿದುಕೊಳ್ಳುತ್ತಿದ್ದೆನೇನೋ.

ಹಾಗಾಗಿ ಮೇಷ್ಟ್ರೇ, ನಿಮ್ಮ ಸಿಟ್ಟು ಸರಿ, ವಿಳಾಸ ಬೇರೆ. ಮೆಕ್‌ಡೊನಾಲ್ಡ್ಸ್ ವಿಷಯವನ್ನೇ ನೋಡಿ. ಅವತ್ತು ಆ ಅಂಗಡಿ ಗಿರಾಕಿಗಳಿಗೆ ಮುಚ್ಚಿತ್ತು. ಕಿಟಕಿಗೆ ಬಂದವರನ್ನು ಮೊದಲೇ ತಪಾಸಣೆ ಮಾಡಿ ಆರಿಸಿದ್ದರು. ಟ್ರಂಪ್ ಮಾಡಿದ್ದು ಪ್ರಚಾರ, ಅದು ಅವರ ಕೆಲಸ. ‘ಅಂಗಡಿ ಮುಚ್ಚಿತ್ತು’ ಅನ್ನೋದನ್ನು ಮೊದಲ ಸಾಲಿನಲ್ಲಿ ಹೇಳೋದು ಯಾರ ಕೆಲಸ? ನೀವು ನ್ಯೂಜೆರ್ಸಿಯಲ್ಲಿ ಕೂತು ನೋಡಿದಿರಿ, ನಿಮ್ಮ ಪತ್ರದಲ್ಲಿ ಏಪ್ರನ್ ಇದೆ, ಆಲೂಗಡ್ಡೆ ಇದೆ, ಮುಚ್ಚಿದ ಅಂಗಡಿ ಇಲ್ಲ.

ಕೊನೆಯ ಸಾಲಿನಲ್ಲಿ ‘ಟಿವಿ ಬಿಟ್ಟು ಇನ್ನೇನು ಮಾಡಲಿ?’ ಅಂತಲೂ ಕೇಳಿದ್ದೀರಿ, ಜಾಗ ಸಾಲದೆ ಅದನ್ನು ಮೇಲೆ ಹಾಕಲಿಲ್ಲ. ಚರ್ಚೆಗಳ ಪೂರ್ತಿ ಬರಹರೂಪ ಇಂಟರ್ನೆಟ್‌ನಲ್ಲಿ ಸಿಗುತ್ತದೆ, 1960ರದ್ದೂ ಇದೆ. ಮಗಳಿಗೆ ಹೇಳಿ ಪ್ರಿಂಟ್ ತೆಗೆಸಿಕೊಳ್ಳಿ. ಬೆವರು ಕಾಣದ ನಿಕ್ಸನ್ ಏನು ಹೇಳಿದರು ಅಂತ ಓದಿ ನನಗೆ ಬರೆಯಿರಿ, ಅಚ್ಚು ಹಾಕುತ್ತೇನೆ. ಆದರೆ ದಯವಿಟ್ಟು ಇನ್‌ಲ್ಯಾಂಡ್ ಲೆಟರಿನ ಗೋಂದು ಹಚ್ಚುವ ಅಂಚಿನ ಮೇಲೆ ಬರೆಯಬೇಡಿ. ಈ ಸಲ ಪತ್ರ ಬಿಡಿಸುವಾಗ ನಿಮ್ಮ ಎರಡು ಸಾಲು ಹರಿದುಹೋದವು. ಅದರಲ್ಲಿ ನನ್ನ ಬಗ್ಗೆ ಏನೋ ಇತ್ತು ಅಂತ ನಮ್ಮ ಉಪಸಂಪಾದಕರಿಗೆ ಅನುಮಾನ.