ಫಿಲ್ಟರ್ ಕಾಫಿ ಪುಡಿಯ ಘಮ ಹೋಗದಂತೆ ಇಡುವುದು ಹೇಗೆ? ಫ್ರಿಜ್‌ನಲ್ಲಿ ಇಡಬಹುದಾ?

ಫ್ರಿಜ್ ಬೇಡ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಗಾಳಿಯಲ್ಲಿರುವ ತೇವ ಪುಡಿಯ ಮೇಲೆ ಕೂರುತ್ತದೆ. ಚಿಕೋರಿ ಬೆರೆಸಿದ್ದಾದರೆ ಇನ್ನೂ ಕಷ್ಟ. ಅದು ತೇವವನ್ನು ಬೇಗ ಎಳೆದುಕೊಂಡು ಗಂಟು ಕಟ್ಟುತ್ತದೆ. ಸಾಲದ್ದಕ್ಕೆ ಈರುಳ್ಳಿ, ನಿನ್ನೆಯ ಸಾರಿನ ವಾಸನೆ ಬೇರೆ!

ಗಾಳಿ, ತೇವ, ಬಿಸಿ, ಬೆಳಕು ತಾಗದಿದ್ದರೆ ಆಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಆದರೆ ಅದನ್ನು ಒಲೆಯ ಪಕ್ಕ ಇಡಬೇಡಿ. ನಾವೆಲ್ಲ ಮಾಡುವುದು ಅದನ್ನೇ ಅಲ್ವಾ? ಡಬ್ಬಿ ಚಿಕ್ಕದಿರಲಿ, ಅರ್ಧ ಖಾಲಿಯಿದ್ದರೆ ಒಳಗೆ ಗಾಳಿಯೇ ಜಾಸ್ತಿ. ಒದ್ದೆ ಚಮಚ ಹಾಕಲೇಬೇಡಿ.

ನಿಜ ಹೇಳಬೇಕೆಂದರೆ, ಡಬ್ಬಿಗಿಂತ ಮುಖ್ಯ ನೀವು ಒಮ್ಮೆಗೆ ಎಷ್ಟು ತರುತ್ತೀರಿ ಎಂಬುದು. ಬೀಜ ಪುಡಿಯಾದ ಮೇಲೆ ಘಮ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಂಗಡಿಯಲ್ಲಿ ಕಣ್ಣೆದುರೇ ಪುಡಿ ಮಾಡಿಸಿ, 250 ಗ್ರಾಂ ಮಾತ್ರ ತನ್ನಿ. ಆಫರ್ ಇದೆ ಅಂತ ಸುಮ್ನೆ ಒಂದು ಕೆಜಿ ತರುವುದು ನಷ್ಟವೇ.

ಊರಿಂದ ಎರಡು ಕೆಜಿ ಹೊತ್ತು ವಿದೇಶಕ್ಕೆ ಹೋಗುವವರ ಮಾತು ಬೇರೆ. ಅವರು ಚಿಕ್ಕ ಪೊಟ್ಟಣಗಳಾಗಿ ಸೀಲ್ ಮಾಡಿ ಫ್ರೀಜರ್‌ನಲ್ಲಿ ಇಡಬಹುದು. ಹೊರತೆಗೆದ ಪೊಟ್ಟಣದ ತಂಪು ಪೂರ್ತಿ ಇಳಿದ ಮೇಲೆಯೇ ಬಿಚ್ಚಿ, ಮತ್ತೆ ಒಳಗಿಡಬೇಡಿ.