ಮೂಗಿನ ಮೇಲೆ ಬಂದ ಅಪವಾದ

ಓದುಗರ ಪತ್ರ: ದಂತ ಚಿಕಿತ್ಸಾಲಯವೊಂದರಲ್ಲಿ ಆರು ವರ್ಷದಿಂದ ಸಹಾಯಕಿಯಾಗಿದ್ದೇನೆ. ಹಲ್ಲು ಕೀಳಿಸಿಕೊಂಡ ಇಬ್ಬರಿಗೆ ಗಾಯ ಕೀವಾಯಿತೆಂದು ನಮ್ಮೆಲ್ಲರ ಮೂಗಿನ ಸ್ವಾಬ್ ಪರೀಕ್ಷೆ ಮಾಡಿಸಿದರು. ನನ್ನದರಲ್ಲಿ ಮಾತ್ರ ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅಂದಿನಿಂದ ನಾನು ನೀರು ಕುಡಿಯುವ ಲೋಟವನ್ನೂ ಬೇರೆ ಇಟ್ಟಿದ್ದಾರೆ. ನನಗೆ ಜ್ವರವಿಲ್ಲ, ನೆಗಡಿಯೂ ಇಲ್ಲ. ಕೆಲಸ ಬಿಡಬೇಕೆ? (ಹೆಸರು ಬೇಡ)

ಸಂಪಾದಕರ ಉತ್ತರ: ಬಿಡಬೇಡಿ. ಲೋಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಕಾಣಲಿಲ್ಲ; ಅದಕ್ಕಾಗಿಯೇ ಎರಡು ಸಲ ಓದಿದೆ. ಆ ಇಬ್ಬರ ಗಾಯದ ಕೀವನ್ನು ಯಾರಾದರೂ ಪರೀಕ್ಷೆಗೆ ಕಳಿಸಿದರೇ? ಕಳಿಸದಿದ್ದರೆ ನಿಮ್ಮ ಮೂಗಿನ ವರದಿಯನ್ನು ಯಾವುದರ ಜೊತೆ ಹೋಲಿಸಿ ನೋಡಿದರು? ಹಲ್ಲು ಕಿತ್ತ ಜಾಗ ಕೀವಾದಾಗ ಅಲ್ಲಿ ಸಾಮಾನ್ಯವಾಗಿ ಸಿಗುವುದು ರೋಗಿಯ ಬಾಯಲ್ಲೇ ಮೊದಲಿನಿಂದ ಬೀಡುಬಿಟ್ಟ ಸ್ಟ್ರೆಪ್ಟೋಕಾಕಸ್‌ಗಳು, ಆಮ್ಲಜನಕವಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು. ಒಂದು ವೇಳೆ ಕೀವಿನಲ್ಲೂ ಆರಿಯಸ್ಸೇ ಇತ್ತೆನ್ನಿ. ಅದು ನಿಮ್ಮಿಂದಲೇ ಬಂದದ್ದು ಎನ್ನಲು ಎರಡೂ ಒಂದೇ ತಳಿಯವೇ ಎಂದು ನೋಡಬೇಕು. ರೋಗಿಗೂ ಒಂದು ಮೂಗಿದೆಯಲ್ಲ!

ನೂರು ಜನರನ್ನು ಪರೀಕ್ಷಿಸಿದರೆ ಸುಮಾರು 20ರಿಂದ 30 ಮಂದಿಯ ಮೂಗಿನ ಹೊಳ್ಳೆಯಲ್ಲಿ ಈ ಬ್ಯಾಕ್ಟೀರಿಯಾ ಸಿಗುತ್ತದೆ. ಕೆಲವರಲ್ಲಿ ಅದು ಕಾಯಂ ವಾಸಿ, ಮತ್ತೆ ಕೆಲವರಲ್ಲಿ ಬಂದು ಹೋಗುವ ನೆಂಟ. ಇವತ್ತು ಪಾಸಾದ ನಿಮ್ಮ ಸಹೋದ್ಯೋಗಿ ಮುಂದಿನ ತಿಂಗಳು ಫೇಲಾಗಬಹುದು. (1884ರಲ್ಲಿ ಜರ್ಮನ್ ವೈದ್ಯ ರೋಸೆನ್‌ಬಾಕ್ ಇದಕ್ಕೆ ‘ಆರಿಯಸ್’, ಅಂದರೆ ಬಂಗಾರದ ಬಣ್ಣದ್ದು, ಎಂದು ಹೆಸರಿಟ್ಟದ್ದು ಪ್ರಯೋಗಾಲಯದಲ್ಲಿ ಅದು ಹೊಂಬಣ್ಣವಾಗಿ ಬೆಳೆದದ್ದಕ್ಕೆ. ಹೆಸರು ಬಂಗಾರ, ಬಾಳು ಮೂಗಿನಲ್ಲಿ.) ಹೀಗೆ ಇಟ್ಟುಕೊಂಡಿರುವವರನ್ನು ವೈದ್ಯರು ‘ವಾಹಕ’ರು ಎನ್ನುತ್ತಾರೆ. ಆ ಪದವೇ ನನಗೆ ಹಿಡಿಸುವುದಿಲ್ಲ, ನೀವೇನೋ ಹೊತ್ತುಕೊಂಡು ಹೋಗಿ ಹಂಚುತ್ತಿದ್ದೀರಿ ಎನಿಸುತ್ತದೆ.

ವರದಿಯಲ್ಲಿ ಎಂಆರ್‌ಎಸ್‌ಎ ಎಂದು ಬರೆದಿದೆಯೇ ನೋಡಿ. ಅದು ಮೆಥಿಸಿಲಿನ್ ಜಾತಿಯ ಆ್ಯಂಟಿಬಯೋಟಿಕ್ ಔಷಧಗಳಿಗೆ ಬಗ್ಗದ ಆರಿಯಸ್ ತಳಿ. ಹಾಗಿದ್ದರೆ ವೈದ್ಯರು ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮನ್ನು ಕೆಲವು ದಿನಕ್ಕೆ ಬರೆದುಕೊಡಬಹುದು. ಅಂಗಡಿಯಿಂದ ನೀವೇ ತಂದು ಹಚ್ಚಬೇಡಿ; ಆ ಔಷಧಕ್ಕೂ ಬಗ್ಗದ ತಳಿಗಳು ಹುಟ್ಟಿವೆ. ಕೈಯಲ್ಲಿ ಕೀವು ಸೋರುವ ಕುರುವೋ ಗಾಯವೋ ಇದ್ದರೆ ಮಾತ್ರ ಅದು ಮಾಯುವವರೆಗೆ ರೋಗಿಗಳಿಂದ ದೂರವಿರಬೇಕು. ನಿಮಗೆ ಅಂಥದ್ದು ಇದೆಯೆಂದು ನೀವು ಬರೆದಿಲ್ಲ.

ಮೂಗಿನಲ್ಲಿದ್ದದ್ದು ರೋಗಿಯ ಗಾಯಕ್ಕೆ ಹೋಗಬೇಕಾದರೆ ಅದಕ್ಕೆ ಸಾಮಾನ್ಯವಾಗಿ ಒಂದು ಕೈ ಬೇಕು. ಹಾಗಾಗಿ ನೋಡಬೇಕಾದದ್ದು ಎಲ್ಲರ ಕೈಗಳನ್ನು. ಗ್ಲೌಸ್ ಹಾಕಿಕೊಂಡ ಕೈ ಏನೇನು ಮಾಡುತ್ತದೆಂದು ಒಂದು ದಿನ ಸುಮ್ಮನೆ ಗಮನಿಸಿ. ಬಾಯೊಳಗಿನಿಂದ ಹೊರಬಂದ ಕೈ ದೀಪದ ಹಿಡಿಯನ್ನು ತಿರುಗಿಸುತ್ತದೆ, ಡ್ರಾಯರ್ ಎಳೆಯುತ್ತದೆ, ಜಾರಿದ ಮಾಸ್ಕನ್ನು ಮೂಗಿನ ಮೇಲಕ್ಕೆ ಸರಿಸುತ್ತದೆ, ಫೋನ್ ಮುಟ್ಟುತ್ತದೆ, ಮತ್ತೆ ಬಾಯಿಗೆ ಮರಳುತ್ತದೆ. ಆ ಗ್ಲೌಸ್ ಕಾಪಾಡುತ್ತಿರುವುದು ಹಾಕಿಕೊಂಡವರನ್ನು ಮಾತ್ರ. ಅದನ್ನೂ ಪೂರ್ತಿಯಾಗಿ ಅಲ್ಲ, ಏಕೆಂದರೆ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಒಳಗಿನ ಬೆವರು ಬಿಸಿಗೆ ಚರ್ಮದ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಗ್ಲೌಸ್ ಬಿಚ್ಚಿದ ಮೇಲೂ ಕೈ ತೊಳೆಯಬೇಕು ಎನ್ನುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಎಲ್ಲ ಸೇರಿ 40ರಿಂದ 60 ಸೆಕೆಂಡ್. ಉಂಗುರ ಬಿಚ್ಚಿಡಿ.

ಇನ್ನೊಂದು ಕಡೆ ನೋಡಿದ್ದಾರೋ ಇಲ್ಲವೋ, ನನಗೆ ಅನುಮಾನ: ಕುರ್ಚಿಗೆ ನೀರು ತರುವ ಸಣ್ಣ ಕೊಳವೆ. ರಾತ್ರಿಯಿಡೀ ನಿಂತ ನೀರಿನಲ್ಲಿ ಅದರ ಒಳಮೈಗೆ ಲೋಳೆಯ ಪದರ ಕಟ್ಟುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ 2015ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ ಪಡೆದ ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿ, ಹಲವರು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಮೂಲ ಯಾರ ಮೂಗೂ ಅಲ್ಲ, ಚಿಕಿತ್ಸೆಗೆ ಬಳಸಿದ ಈ ನೀರು. ಇಂಥ ನೀರಿಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಮಿತಿ, ಒಂದು ಮಿಲಿಲೀಟರ್‌ಗೆ 500 ಬ್ಯಾಕ್ಟೀರಿಯಾ ಘಟಕ. ಪ್ರತಿ ರೋಗಿಯ ನಂತರ 20-30 ಸೆಕೆಂಡ್ ನೀರು ಹರಿಯಬಿಡಬೇಕು; ಆದರೆ ಕಟ್ಟಿದ ಪದರ ಅಷ್ಟರಿಂದ ಹೋಗದು, ಕೊಳವೆಗೆ ಸೋಂಕುನಾಶಕ ಹಾಕಲೇಬೇಕು. ಡ್ರಿಲ್ಲಿನ ಹ್ಯಾಂಡ್‌ಪೀಸನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಬಳಸುವ ಅಭ್ಯಾಸವಿದ್ದರೆ ಅದೂ ನಿಲ್ಲಲಿ, ಹ್ಯಾಂಡ್‌ಪೀಸ್ ಬಿಸಿ ಹಬೆಯ ಒತ್ತಡದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಹೋಗಬೇಕು.

ನಿಮ್ಮ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಮೂಗಿಗೆ ಕಡ್ಡಿ ಹಾಕುವುದು ಸುಲಭ, ಒಬ್ಬರು ಸಿಕ್ಕಿಬಿದ್ದರೆ ಉಳಿದವರು ನಿರಾಳ. ಒಂದೇ ತಳಿಯ ಸೋಂಕು ಹಲವರಲ್ಲಿ ಕಂಡು, ಸುಳಿವು ಸಿಬ್ಬಂದಿಯ ಕಡೆ ತೋರಿದಾಗಲಷ್ಟೇ ಆ ಪರೀಕ್ಷೆಗೆ ಅರ್ಥ.

ಲೋಟಕ್ಕೆ ಬರುತ್ತೇನೆ: ಸೋಪು ಹಾಕಿ ತೊಳೆದ ಲೋಟವನ್ನು ಬೇರೆ ಇಡಲು ಯಾವ ಕಾರಣವೂ ಇಲ್ಲ. ಈ ಪುಟವನ್ನು ಡಾಕ್ಟರಿಗೆ ತೋರಿಸಿ ಎರಡೇ ಮಾತು ಕೇಳಿ. ಕೀವಿನ ವರದಿ ಎಲ್ಲಿದೆ? ಕುರ್ಚಿಯ ನೀರನ್ನು ಪರೀಕ್ಷಿಸಿ ಎಷ್ಟು ದಿನವಾಯಿತು? ಏನೆಂದರು ಎಂದು ನನಗೂ ಬರೆಯಿರಿ.